ಕಂಬದ ಹಿಂದಿನ ಸೀಟು

ರತ್ನಮಹಲ್ ಟಾಕೀಸನ್ನು ಒಡೆದ ದಿನ ಮೂಡುಬಿದಿರೆಯಲ್ಲಿ ಅಳದೆ ಇದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಟಾಕೀಸಿನ ಗೇಟಿನ ಮೂಲೆಯಲ್ಲಿ ನೆಲಕಡಲೆ ಹುರಿಯುವ ಸಫಿಯಮ್ಮ. ಉಳಿದವರೆಲ್ಲ ಜೆಸಿಬಿಯ ಎದುರು ಮೊಬೈಲು ಎತ್ತಿ ಹಿಡಿದು ಅತ್ತರು. ಸಂಜೆಯೊಳಗೆ ವಾಟ್ಸಾಪಿನ ತುಂಬ ಅದೇ ಅಳು. "ನಮ್ಮ ಬಾಲ್ಯ ನೆಲಕ್ಕುರುಳಿತು" ಎಂದು ಒಬ್ಬ ಬರೆದ. ಅವನ ಬಾಲ್ಯ ನನಗೆ ಚೆನ್ನಾಗಿ ಗೊತ್ತು. ಬ್ಲೇಡಿನಲ್ಲಿ ಸೀಟಿನ ರೆಕ್ಸಿನ್ ಕೊಯ್ದು, ಒಳಗಿನ ನಾರು ಕಿತ್ತು, ಮುಂದಿನ ಸಾಲಿನವರ ತಲೆಗೆ ಎಸೆಯುವುದೇ ಅವನ ಬಾಲ್ಯ. ಕೊನೆಕೊನೆಗೆ ಇವರಲ್ಲಿ ಒಬ್ಬನೂ ಟಿಕೆಟು ತೆಗೆದುಕೊಂಡು ಒಳಗೆ ಬಂದವನಲ್ಲ. ಮಹಲು ಕುಸಿಯುವುದನ್ನು ನೋಡಲು ಟಿಕೆಟು ಬೇಡವಲ್ಲ, ಅದಕ್ಕೆ ಹೌಸ್‌ಫುಲ್.

ನಾನು ಶಶಿಪ್ರಭಾ. ಟಾಕೀಸು ಕಟ್ಟಿಸಿದ ಸಂಕಪ್ಪ ಮಾವನ ತಂಗಿಯ ಮಗಳು. ನಮ್ಮಲ್ಲಿ ಹಳೆಯ ಕಟ್ಟಿನ ಪ್ರಕಾರ ಆಸ್ತಿ ಮಾವನಿಂದ ಅಳಿಯನಿಗೆ, ಎಂದರೆ ತಂಗಿಯ ಮಗನಿಗೆ, ಹೋಗುತ್ತದೆ. ಹಾಗೆ ಟಾಕೀಸು ನನ್ನ ತಮ್ಮ ಶೇಖರನಿಗೆ ಬಂತು. ಶೇಖರನಿಂದ ಅವನ ಮಗ ಮನೀಷನಿಗೆ ದಾಟಿಸುವಾಗ ಮಾತ್ರ ಎಲ್ಲರಿಗೂ ಹೊಸ ಕಾನೂನು ನೆನಪಾಯಿತು. ಶೇಖರನ ಕೈಯಲ್ಲಿ ಹಳೆಯ ಕಟ್ಟೂ ಹೊಸ ಕಾನೂನೂ ಬೇಕಾದ ಹಾಗೆ ಬಗ್ಗುತ್ತವೆ. ನನ್ನ ಪಾಲಿಗೆ ಕುಟುಂಬದ ಹಿರಿಯ ಹೆಂಗಸು ಎಂಬ ಪದವಿ ಉಳಿಯಿತು. ಅದಕ್ಕೆ ಬಾಡಿಗೆ ಬರುವುದಿಲ್ಲ.

ಈಗ ಎಲ್ಲರೂ ಆ ಕಟ್ಟಡವನ್ನು ಅರಮನೆ ಎನ್ನುತ್ತಾರೆ. ಆಗಲಿ, ಅರಮನೆಯ ಕಥೆಯನ್ನೂ ಹೇಳುತ್ತೇನೆ. ಸಂಕಪ್ಪ ಮಾವ ಹುಡುಗನಾಗಿದ್ದಾಗ ಮುಂಬಯಿಯ ಹೋಟೆಲಿನಲ್ಲಿ ದುಡಿದವರು. ಅಲ್ಲಿನ ದೊಡ್ಡ ದೊಡ್ಡ ಟಾಕೀಸುಗಳನ್ನು ಹೊರಗಿನಿಂದ ನೋಡಿ ನೋಡಿ ತಲೆಗೆ ಹಿಡಿಸಿಕೊಂಡು ಬಂದರು. ಊರಿಗೆ ಬಂದವರೇ ಪೇಟೆಯ ನಡುವೆ ಜಾಗ ಹಿಡಿದು ಕಟ್ಟಲು ಶುರು ಮಾಡಿದರು. ಎದುರಿಗೆ ಗಾರೆಯ ಎರಡು ಆನೆಗಳು. ಮೇಸ್ತ್ರಿಗೆ ಸೊಂಡಿಲು ಕೂರಲಿಲ್ಲ, ಕೂತ ಮೇಲೆ ದಂತ ನಿಲ್ಲಲಿಲ್ಲ, ಕಡೆಗೆ ಅವು ಎಮ್ಮೆಗಳ ಹಾಗೆ ಕಂಡವು. ಒಳಗೆ ಕೆಂಪು ಸಿಮೆಂಟಿನ ಅಗಲವಾದ ಮೆಟ್ಟಿಲು, ಆಳೆತ್ತರದ ಕನ್ನಡಿ, ಮೇಲೆ ಮಾಡಿನ ಅಡಿಯಲ್ಲಿ ನಕ್ಷತ್ರದ ಹಾಗೆ ಕಾಣಬೇಕೆಂದು ಹಾಕಿದ ಬಲ್ಬುಗಳು. ಅರ್ಧಕ್ಕರ್ಧ ನಕ್ಷತ್ರಗಳು ಮೊದಲ ಮಳೆಗಾಲದಲ್ಲೇ ಸತ್ತವು. ಮಾವ ಅವನ್ನು ಬದಲಾಯಿಸಲಿಲ್ಲ. ಸಿನೆಮಾ ಕತ್ತಲೆಯಲ್ಲಿ ನೋಡುವುದು ತಾನೇ ಎಂದರು.

ಅವರ ಜಿಪುಣತನಕ್ಕೆ ಇನ್ನೊಂದು ಗುರುತು ಬಾಲ್ಕನಿಯಲ್ಲಿತ್ತು. ಮಾಡನ್ನು ಹೊರಲು ದೊಡ್ಡ ಕಬ್ಬಿಣದ ತೊಲೆ ಬೇಕು ಎಂದು ಇಂಜಿನಿಯರು ಹೇಳಿದಾಗ, ಒಂದು ಕಂಬ ನಿಲ್ಲಿಸಿದರೆ ಸಾಕು ಎಂದು ಮಾವ ಹಟ ಹಿಡಿದರು. ಸಾವಿರ ಕಂಬದ ಬಸದಿ ಇರುವ ಊರು ನಮ್ಮದು. ಅದರ ಹತ್ತಿರದಲ್ಲೇ ಮಾವ ನಿಲ್ಲಿಸಿದ್ದು ಒಂದೇ ಕಂಬ, ಅದೂ ತಪ್ಪಿದ ಜಾಗದಲ್ಲಿ. ಬಾಲ್ಕನಿಯ ಕಡೆಯ ಸಾಲಿನ ಮೂಲೆಯ ಸೀಟು ಅದರ ಹಿಂದೆ ಬಿತ್ತು. ಅಲ್ಲಿ ಕೂತವರಿಗೆ ಪರದೆಯ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು.

ಮೊದಲ ದಿನವೇ ಆ ಸೀಟು ಬಂಟ್ವಾಳದ ಕಡೆಯ ಒಬ್ಬ ಜಮೀನ್ದಾರರ ಪಾಲಿಗೆ ಬಂತು. ಇಂಟರ್ವಲ್ಲಿನಲ್ಲಿ ಅವರು ಎದ್ದು ನಿಂತು ದುಡ್ಡು ವಾಪಸು ಕೊಡಿ ಎಂದು ಗದ್ದಲ ಎಬ್ಬಿಸಿದರು. ಮಾವ ಹುಟ್ಟಿದ ಮೇಲೆ ದುಡ್ಡು ವಾಪಸು ಕೊಟ್ಟವರಲ್ಲ. ಓಡಿ ಬಂದು, ಜಮೀನ್ದಾರರಿಗಲ್ಲ, ಆ ಸೀಟಿಗೆ ಕೈಮುಗಿದರು.

"ಧಣಿಗಳು ತಿಳಿಯದೆ ಕೂತಿರಿ. ಇದು ಜಾಗದ ದೈವಕ್ಕೆ ಬಿಟ್ಟ ಸೀಟು. ನೀವಾಗಿ ಎದ್ದದ್ದು ಒಳ್ಳೆದಾಯ್ತು ಮಾರಾಯ್ರೆ."

ಜಮೀನ್ದಾರರ ಮುಖ ಬಿಳಚಿತು. ಸೀಟಿನ ಮೇಲೆ ಕಾಣಿಕೆ ಇಟ್ಟು, ತಪ್ಪಾಯಿತೆಂದು ಹೇಳಿ, ಉಳಿದ ಸಿನೆಮಾವನ್ನು ನಿಂತುಕೊಂಡೇ ನೋಡಿದರು. ಮುಂದಿನ ಶುಕ್ರವಾರದಿಂದ ಮ್ಯಾನೇಜರ್ ಕುಶಾಲಪ್ಪ ಆ ಸೀಟಿನಲ್ಲಿ ಎರಡು ಕೇಪಳ ಹೂ ಇಟ್ಟು ಊದುಬತ್ತಿ ಹಚ್ಚತೊಡಗಿದ. ಅಳದಂಗಡಿಯಿಂದ ಜೀಪು ತುಂಬಿಕೊಂಡು ಬರುತ್ತಿದ್ದವರು ಮೊದಲು ಸೀಟಿಗೆ ಕೈಮುಗಿದು ಆಮೇಲೆ ಪರದೆ ನೋಡುತ್ತಿದ್ದರು. ಕಂಬವನ್ನು ಯಾರೂ ನೋಡಲಿಲ್ಲ. ಅಷ್ಟು ದಪ್ಪದ ಕಂಬ.

ದೈವವನ್ನು ನಾನು ತಮಾಷೆ ಮಾಡುವವಳಲ್ಲ. ಶಿರ್ತಾಡಿಯ ನಮ್ಮ ಕುಟುಂಬದ ಮನೆಯಲ್ಲಿ ದೈವ ಉಂಟು, ಅದರ ಎದುರು ನಾನು ತಲೆ ಎತ್ತಿ ಮಾತಾಡಿದವಳಲ್ಲ. ಆದರೆ ಅದು ಬಸ್ಸು ಹತ್ತಿ ಮೂಡುಬಿದಿರೆಗೆ ಬಂದು ಅರ್ಧ ಪರದೆಯ ಸಿನೆಮಾ ನೋಡುತ್ತದೆ ಎಂದು ನಂಬಲು ನಾನು ನಿವೃತ್ತ ಪ್ರೊಫೆಸರ್ ಅಲ್ಲ. ಆ ಪ್ರೊಫೆಸರನ ಕಥೆ ಮುಂದೆ ಬರುತ್ತದೆ.

ಸಫಿಯಮ್ಮನ ಗಂಡ ಲಾರಿ ಓಡಿಸುತ್ತಿದ್ದರು. ಚಾರ್ಮಾಡಿ ಘಾಟಿಯಲ್ಲಿ ಲಾರಿ ಉರುಳಿ ತೀರಿಹೋದರು. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಸಫಿಯಮ್ಮ ಮಾವನ ಹತ್ತಿರ ಬಂದಾಗ ನಾನು ಅಲ್ಲೇ ಇದ್ದೆ. ಹೆಂಗಸರ ಟಿಕೆಟು ಕೌಂಟರಿನಲ್ಲಿ ಕೂರುತ್ತಿದ್ದವಳು ನಾನೇ. ಮಾವ ಗೇಟಿನ ಮೂಲೆ ತೋರಿಸಿ, "ನಿನ್ನ ಕೈ ಆಡುವವರೆಗೆ ಈ ಮೂಲೆ ನಿನ್ನದು, ಯಾರೂ ಎಬ್ಬಿಸುದಿಲ್ಲ" ಎಂದರು. ಬಾಯಿಮಾತು ಅಷ್ಟೆ. ಮಾವ ಲೋಭಿ ನಿಜ, ಆದರೆ ಆಡಿದ ಮಾತನ್ನು ಸಾಯುವವರೆಗೆ ನಡೆಸಿದರು. ಅವರ ಬಗ್ಗೆ ನಾನು ಒಳ್ಳೆಯದು ಹೇಳಬಹುದಾದದ್ದು ಇದೊಂದೇ.

ಸಫಿಯಮ್ಮ ಮೂಲೆಯಲ್ಲಿ ಕೂತು ಮರಳಿನಲ್ಲಿ ಕಡಲೆ ಹುರಿಯುತ್ತಿದ್ದರು. ಒಂದು ಮಧ್ಯಾಹ್ನ ಕೌಂಟರಿನ ಹತ್ತಿರ ಬಂದು ಕೇಳಿದರು.

"ಶಶಿಯಕ್ಕ, ಒಳಗೆ ಎಂತ ಆಗ್ತದೆ? ಜನ ನಗುದು ಕೇಳ್ತದೆ, ಅಳುದು ಕೇಳ್ತದೆ. ಎಂತಕ್ಕೆ ಅಂತ ಗೊತ್ತಾಗುದಿಲ್ಲ."

ಟಿಕೆಟು ತೆಗೆದು ಹೆಂಗಸರ ಕ್ಲಾಸಿನಲ್ಲಿ ಕೂತರೆ ಸಂಜೆಯೊಳಗೆ ಅವರ ಬೀದಿಗೆಲ್ಲ ಸುದ್ದಿ. ವಿಧವೆ, ಸಿನೆಮಾ, ಅಷ್ಟು ಸಾಕು. ಇಡೀ ಟಾಕೀಸಿನಲ್ಲಿ ಯಾರೂ ನೆಟ್ಟಗೆ ತಿರುಗಿ ನೋಡದ ಸೀಟು ಒಂದೇ ಇತ್ತು. ಲೈಟು ಆರಿದ ಮೇಲೆ ನಾನು ಅವರನ್ನು ಬದಿಯ ಮೆಟ್ಟಿಲಿನಿಂದ ಹತ್ತಿಸಿ ಕಂಬದ ಹಿಂದೆ ಕೂರಿಸಿದೆ. ಬಿಳಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಅವರು ಕೂತರು. ಆಮೇಲೆ ಅದೇ ರೂಢಿಯಾಯಿತು. ಇಂಟರ್ವಲ್ಲಿನ ಬೆಲ್ಲು ಹೊಡೆಯುವ ಮೊದಲೇ ಎದ್ದು ಅದೇ ಮೆಟ್ಟಿಲಿನಿಂದ ಇಳಿದು ತಮ್ಮ ಮೂಲೆಯಲ್ಲಿ ಇರಬೇಕಿತ್ತು. ವ್ಯಾಪಾರ ಮುಗಿದರೆ ಮತ್ತೆ ಹತ್ತುವುದು, ಕಡೆಯ ಸೀನಿನ ಮೊದಲು ಮತ್ತೆ ಇಳಿಯುವುದು. ಹೀಗೆ ಅವರು ವರ್ಷಗಟ್ಟಲೆ ನೋಡಿದ್ದು ಎಡಗಡೆಯ ಅರ್ಧ ಸಿನೆಮಾ, ಅದೂ ಕೊನೆಯಿಲ್ಲದ್ದು.

ಬಾಲ್ಕನಿಯ ಮಹಾಜನರು ನೋಡಿದ್ದು ಬೇರೆ. ದೈವದ ಸೀಟಿನಲ್ಲಿ ಬಿಳಿಯ ಆಕೃತಿ! ಓರೆಗಣ್ಣಿನಲ್ಲಿ ನೋಡಿದರೆ ಉಂಟು, ಬೆಲ್ಲು ಹೊಡೆದರೆ ಇಲ್ಲ! ಜೊತೆಗೆ ಒಂದು ಪರಿಮಳ! ಹೊರಗೆ ಹೋಗಿ ಅದೇ ಪರಿಮಳದ ಪೊಟ್ಟಣವನ್ನು ಸಫಿಯಮ್ಮನ ಕೈಯಿಂದಲೇ ಕೊಂಡು ತಿನ್ನುವಾಗಲೂ ಒಬ್ಬನ ಮಂಡೆಗೂ ಹೊಳೆಯಲಿಲ್ಲ. ಬೆಳ್ತಂಗಡಿಯ ಒಂದು ಹುಡುಗಿಗೆ ಹೆದರಿ ಜ್ವರ ಬಂತು, ಅವಳ ತಾಯಿ ಸೀಟಿಗೆ ಹರಕೆ ಹೇಳಿಕೊಂಡಳು. ನಾನೂ ಸಫಿಯಮ್ಮನೂ ಈ ಗುಟ್ಟನ್ನು ನಮ್ಮಿಬ್ಬರಲ್ಲೇ ಇಟ್ಟುಕೊಂಡೆವು.

ಆಮೇಲೆ ಎಲ್ಲ ಊರಿನಲ್ಲಿ ಆದದ್ದೇ ಇಲ್ಲೂ ಆಯಿತು. ಕ್ಯಾಸೆಟ್ಟು ಬಂತು, ಕೇಬಲ್ ಬಂತು, ಮಾವ ಹೋದರು. ಶೇಖರ ಬೆಳಗಿನ ಆಟಕ್ಕೆ ಎಂಥೆಂಥದೋ ಸಿನೆಮಾ ಹಾಕಿದ. ಊರಿನ ಮರ್ಯಾದಸ್ಥರು ಮುಖ ಕಾಣದ ಹಾಗೆ ತಲೆಗೆ ಬೈರಾಸು ಹೊದ್ದು ಒಳಗೆ ನುಗ್ಗುವುದನ್ನು ನಾನೇ ಕಂಡಿದ್ದೇನೆ. ಕಡೆಗೆ ಹೆಗ್ಗಣಗಳೂ ಬಾವಲಿಗಳೂ ಉಳಿದವು. ಮಸ್ಕತ್ತಿನಿಂದ ಮನೀಷ್ ಬಂದ, ಒಡೆಸಿದ, ಆ ಜಾಗದಲ್ಲಿ ಗಾಜಿನ ಕಾಂಪ್ಲೆಕ್ಸ್ ಎಬ್ಬಿಸಿ 'ರತ್ನಮಹಲ್ ಸ್ಕ್ವೇರ್' ಎಂದು ಹೆಸರಿಟ್ಟ.

ಕಾಂಪ್ಲೆಕ್ಸು ಓಡಲಿಲ್ಲ. ನಮ್ಮ ಸೆಕೆಗೆ ಗಾಜಿನ ಗೋಡೆ, ಒಳಗೆ ಕೂತರೆ ಇಡ್ಲಿ ಬೇಯುತ್ತದೆ. ಬಾಡಿಗೆಯೋ ಮಸ್ಕತ್ತಿನ ಬಾಡಿಗೆ. ಬಂದವರು ನೋಡಿ ಹೋದರೇ ಹೊರತು ಅಂಗಡಿ ಹಿಡಿಯಲಿಲ್ಲ. ಉದ್ಘಾಟನೆಯ ದಿನ ಲಿಫ್ಟು ಶೇಖರನನ್ನೂ ಮುಖ್ಯ ಅತಿಥಿಗಳನ್ನೂ ಒಳಗಿಟ್ಟುಕೊಂಡು ನಡುವಿನಲ್ಲಿ ನಿಂತಿತು. ಸರಿಯಾದ ಲಿಫ್ಟು ಹಾಕಿಸಿ ಬಾಡಿಗೆ ಇಳಿಸುವ ಬದಲು ತಂದೆ ಮಗ ಸೇರಿ, ದೋಷ ಏನೆಂದು ಕವಡೆಯಲ್ಲಿ ಕೇಳುವ ಅಷ್ಟಮಂಗಲ ಪ್ರಶ್ನೆ ಇಟ್ಟರು. ತೆಂಕಿನಿಂದ ಜೋಯಿಸರನ್ನು ಕರೆಸಿದರು. ಪ್ರಶ್ನೆ ಎರಡು ದಿನ. ನಮ್ಮ ಕುಟುಂಬದಲ್ಲಿ ಕಡೆಗೆ ಹಿರಿಯ ಹೆಂಗಸು ದೀಪಕ್ಕೆ ಎಣ್ಣೆ ಬಿಟ್ಟು ಒಪ್ಪಿದರೆ ಮಾತ್ರ ಪ್ರಶ್ನೆಯಲ್ಲಿ ಕಂಡದ್ದು ನಡೆಯುತ್ತದೆ. ಹಾಗಾಗಿ ಶೇಖರನಿಗೆ ಬಹಳ ಕಾಲದ ಮೇಲೆ ಅಕ್ಕನ ನೆನಪಾಯಿತು.

ಕಾಂಪ್ಲೆಕ್ಸಿನ ಖಾಲಿ ಹಾಲಿನಲ್ಲಿ ಎಲ್ಲರೂ ಕೂತರು. ಜೋಯಿಸರು ಕವಡೆ ಸರಿಸಿ, ಕಣ್ಣು ಮುಚ್ಚಿ, "ಇಲ್ಲಿ ಯಾರಿಗೋ ಒಂದು ಆಸನ ಇತ್ತು. ಅದನ್ನು ತೆಗೆದಿದ್ದೀರಿ" ಎಂದರು. ಹಾಲಿನಲ್ಲಿ ನಿಟ್ಟುಸಿರು. ಹಿಂದಿನ ಸಂಜೆ ಅವರು ಕಾಫಿ ಕುಡಿದದ್ದು ದೇವಿಪ್ರಸಾದನ ಮನೆಯಲ್ಲಿ ಎಂಬುದು ನನಗೆ ಗೊತ್ತಿತ್ತು.

ದೇವಿಪ್ರಸಾದನೇ ನಾನು ಹೇಳಿದ ಪ್ರೊಫೆಸರ್. ಜೀವಮಾನವಿಡೀ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು. ಎದ್ದು ನಿಂತು ಗದ್ಗದಿತನಾಗಿ ಸಾಕ್ಷಿ ಹೇಳಿದ.

"ನಾನು ಕಣ್ಣಾರೆ ಕಂಡಿದ್ದೇನೆ. ಶ್ವೇತವಸ್ತ್ರ. ಗಂಭೀರವಾದ ಆಕೃತಿ. ಒಂದು ದಿವ್ಯ ಪರಿಮಳ. ನನ್ನ ತಂದೆಯವರು ಕೈಮುಗಿ ಅಂತ ಹೇಳಿದ್ರು, ನಾನು ಮುಗಿದೆ. ಆ ರೋಮಾಂಚನ ಇವತ್ತಿಗೂ ಉಂಟು."

ಹಾಗೆ ಹೇಳಿ ರೋಮ ನಿಂತ ಕೈಯನ್ನು ಎಲ್ಲರಿಗೂ ತೋರಿಸಿದ. ಬೆಳಕು ಹೇಗೆ ಹೋಗುತ್ತದೆ, ಹೇಗೆ ತಿರುಗುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದ ಮನುಷ್ಯ!

ಜೋಯಿಸರು ಪರಿಹಾರ ಹೇಳಿದರು. ದೈವಕ್ಕೆ ಒಂದು ಗುಡಿ ಕಟ್ಟಿ ಪೀಠ ಇಡಬೇಕು. ಎಲ್ಲಿ? ಕವಡೆ ಆಗ್ನೇಯ ಮೂಲೆ ತೋರಿಸಿತು. ಸಫಿಯಮ್ಮನ ಗೂಡಂಗಡಿ ಇರುವುದು ಅಲ್ಲಿಯೇ.

"ಅದು ಹೋಗಲೇಬೇಕಾಗ್ತದೆ, ಅಲ್ವಾ?" ಎಂದ ಮನೀಷ್. ಅವನ ಮುಖದಲ್ಲಿ ಭಕ್ತಿ ಉಕ್ಕುತ್ತಿತ್ತು. ಕಾರುಗಳು ಹೊರಗೆ ಹೋಗಲು ಆ ಮೂಲೆ ಬೇಕೆಂದು ಅವನು ಮಸ್ಕತ್ತಿನಿಂದ ಬಂದ ದಿನದಿಂದ ಹೇಳುತ್ತಿದ್ದಾನೆ. ಗುಡಿ ಒಂದು ಬದಿಗೆ, ಕಾರು ಒಂದು ಬದಿಗೆ. ಪಾರ್ಕಿಂಗಿನ ವಿಷಯದಲ್ಲಿ ದೈವಕ್ಕೂ ಮನೀಷನಿಗೂ ಇಷ್ಟು ಒಳ್ಳೆಯ ಹೊಂದಾಣಿಕೆ ಇದೆಯೆಂದು ನನಗೆ ತಿಳಿದಿರಲಿಲ್ಲ.

ಸಂಜೆ ಸಫಿಯಮ್ಮನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಾಣಲೆಯಲ್ಲಿ ಕೈಯಾಡಿಸುತ್ತಲೇ ಕೇಳಿದರು. ದೇವಿಪ್ರಸಾದನ ಶ್ವೇತವಸ್ತ್ರಕ್ಕೆ ಬಂದಾಗ ಶಾಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೂಲೆಯ ಮಾತಿಗೆ ಬಂದಾಗ ಕೈ ನಿಂತಿತು.

"ಹಾಗಾದರೆ ನನ್ನನ್ನು ಎಬ್ಬಿಸಿ ನನಗೇ ಗುಡಿ ಕಟ್ತಾರಾ?"

"ಹೇಳಿಬಿಡ್ಲಾ ಸಫಿಯಮ್ಮ? ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರ್ತೇನೆ."

"ಬೇಡ ಅಕ್ಕ. ಮೊಮ್ಮಗ ಸುಹೈಬ್ ಮಸೀದಿಯ ಕಮಿಟಿಯಲ್ಲಿ ಉಂಟು. ಅಜ್ಜಿ ಸಿನೆಮಾ ನೋಡ್ತಿದ್ರು ಅಂತ ನಮ್ಮವರು ಒಂದು ಹೇಳ್ತಾರೆ. ದೈವದ ಸೀಟಿನಲ್ಲಿ ಕೂತ್ರು ಅಂತ ನಿಮ್ಮವರು ಒಂದು ಹೇಳ್ತಾರೆ. ಕಡೆಗೆ ಪೇಟೆ ಬಂದ್ ಮಾಡ್ತಾರೆ."

ಹೌದು, ಮಾಡುತ್ತಾರೆ. ಬಂದ್ ಮಾಡಲು ನಮ್ಮ ಊರಿಗೆ ಇದಕ್ಕಿಂತ ಸಣ್ಣ ಕಾರಣವೂ ಸಾಕು.

"ಮೂಲೆ ಹೋದರೆ ಎಂತ ಮಾಡ್ತೀರಿ?"

"ಎಂತ ಮಾಡುದು? ಮನೆಯಲ್ಲಿ ಕೂತ್ಕೊಳ್ಳಿ ಅಂತ ಸುಹೈಬ್ ದಿನಾ ಹೇಳ್ತಾನೆ. ಅನ್ನಕ್ಕೆ ಕಡಿಮೆ ಇಲ್ಲ." ಅವರು ಒಲೆಗೆ ತೆಂಗಿನ ಗೆರಟೆಯ ತುಂಡೊಂದನ್ನು ನೂಕಿದರು. "ಆದರೆ ಅಕ್ಕ, ಮನೆಯಲ್ಲಿ ಕೂತರೆ ನಾನು ಸುಹೈಬನ ಅಜ್ಜಿ. ಇಲ್ಲಿ ಕೂತರೆ ಸಫಿಯಮ್ಮ."

ಅವರಿಗೆ ನಾನು ಏನೂ ಮಾತು ಕೊಡಲಿಲ್ಲ. ಮಾವ ಕೊಟ್ಟ ಮಾತೇ ಸಾಕಿತ್ತು, ಉಳಿಸಬೇಕಾದದ್ದು ಅದು.

ಮರುದಿನ ಹಾಲ್ ತುಂಬ ಜನ. ಕಡೆಗೆ ಜೋಯಿಸರು ನನ್ನ ಕೈಗೆ ಎಣ್ಣೆಯ ಗಿಂಡಿ ಕೊಟ್ಟರು. ನಾನು ಎದ್ದು ದೀಪದ ಹತ್ತಿರ ನಿಂತೆ. ಎಣ್ಣೆ ಬಿಡಲಿಲ್ಲ.

"ಅದಕ್ಕೆ ಮೊದಲು ಒಂದು ಮಾತು. ದೇವಿಪ್ರಸಾದರೆ, ನಿನ್ನೆ ಪರಿಮಳ ಅಂತ ಹೇಳಿದಿರಲ್ಲ, ಎಂತದ್ದರ ಪರಿಮಳ?"

ಅವನು ಗಂಟಲು ಸರಿ ಮಾಡಿಕೊಂಡ. "ಅದು... ಲೌಕಿಕವಾಗಿ ಹೇಳುದಾದರೆ... ಹುರಿದ ನೆಲಕಡಲೆಯ ಹಾಗೆ."

"ಹೌದು ಹೌದು, ಅದೇ!" ಎಂದು ಹಿಂದಿನಿಂದ ನಾಲ್ಕಾರು ಸ್ವರ ಬಂತು. ಒಂದು ಮಹಾಸತ್ಯ ಈಗಷ್ಟೇ ಹೊಳೆದ ಹಾಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಬೆಲ್ಲು ಹೊಡೆಯುವ ಮೊದಲು ಅದು ಎದ್ದು ಯಾವ ಕಡೆಗೆ ಹೋಗ್ತಿತ್ತು?"

"ಬದಿಯ ಮೆಟ್ಟಿಲಿನ ಕಡೆಗೆ."

"ಆ ಮೆಟ್ಟಿಲು ಇಳಿದರೆ ಎಲ್ಲಿಗೆ ಬರ್ತದೆ?"

ಆ ಮೆಟ್ಟಿಲು ಇಳಿದು ಕಡಲೆ ಕೊಳ್ಳಲು ಓಡದವರು ಆ ಹಾಲಿನಲ್ಲಿ ಇರಲಿಲ್ಲ.

"ನಾನೂ ಕಣ್ಣಾರೆ ಕಂಡವಳು" ಎಂದೆ. "ಒಂದು ದಿನ ಅಲ್ಲ, ಎಷ್ಟೋ ವರ್ಷ. ಅದು ಬರ್ತಾ ಇದ್ದದ್ದು ಆ ಮೂಲೆಯಿಂದ. ತಿರುಗಿ ಹೋಗ್ತಾ ಇದ್ದದ್ದೂ ಆ ಮೂಲೆಗೇ. ಈಗ ಆ ಒಲೆಯನ್ನು ಎಬ್ಬಿಸಿದರೆ ಅದು ಎಲ್ಲಿಗೆ ಹೋಗಬೇಕು? ಒಲೆ ಎಬ್ಬಿಸುದಾದರೆ ಎಣ್ಣೆ ಬಿಡಲಿಕ್ಕೆ ಬೇರೆ ಯಾರನ್ನಾದರೂ ಹುಡುಕಿ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ತಿರಸ್ಕಾರ ಬಂತು. ಎಲ್ಲವನ್ನೂ ಸಾಲಾಗಿ ಎದುರಿಗಿಟ್ಟರೂ ಒಬ್ಬನಿಗೂ ಅದು ಕಾಣಲಿಲ್ಲ. ಶೇಖರ ಕೆನ್ನೆಗೆ ಬಡಿದುಕೊಂಡ. ಯಾರೋ "ದೈವವೇ" ಎಂದರು.

ಜೋಯಿಸರು ಮಾತ್ರ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆ ಹಾಲಿನಲ್ಲಿ ತಲೆ ಇದ್ದವರು ಅವರೊಬ್ಬರೇ. ಅವರಿಗೆ ಏನೋ ಅರ್ಥವಾಯಿತು, ಏನೆಂದು ನನ್ನನ್ನು ಕೇಳಲಿಲ್ಲ. ಮತ್ತೆ ಕವಡೆ ಸರಿಸಿದರು.

"ಬೆಂಕಿ ಇದ್ದಲ್ಲೇ ಇರಬೇಕು. ಅದನ್ನು ಮುಟ್ಟಿದರೆ ಕೇಡು. ಪೀಠ ಮೂಲೆಗಲ್ಲ, ಹಿಂದೆ ಆಸನ ಎಲ್ಲಿತ್ತೋ ಅದರ ಕೆಳಗೆ ನೇರ ನೆಲದಲ್ಲಿ."

ಬಾಲ್ಕನಿಯ ಕಡೆಯ ಸಾಲು ಇದ್ದದ್ದು ರಸ್ತೆಯ ಬದಿಗೆ. ಅದರ ಕೆಳಗೆ ಈಗ ಇರುವುದು ಕಾಂಪ್ಲೆಕ್ಸಿನ ಅತಿ ದೊಡ್ಡ ಅಂಗಡಿ, ರಸ್ತೆಗೆ ಮುಖ ಮಾಡಿದ ಅಂಗಡಿ. ಮನೀಷ್ ಕೂತಲ್ಲಿಂದ ಎದ್ದುಬಿಟ್ಟ.

"ಮಾಮಿ, ಅದು ಚಿನ್ನದಂಗಡಿಯವರಿಗೆ ಅಂತ ಇಟ್ಟ ಜಾಗ!"

"ನನಗೆ ಎಂತಕ್ಕೆ ಹೇಳ್ತಿ ಮಗಾ, ದೈವಕ್ಕೆ ಹೇಳು" ಎಂದು ನಾನು ದೀಪಕ್ಕೆ ಎಣ್ಣೆ ಬಿಟ್ಟೆ.

ಗುಡಿ ಆಯಿತು. ಮನೀಷನ ಅಭಿರುಚಿ, ಹಾಗಾಗಿ ಬಚ್ಚಲಿಗೆ ಹಾಕುವಂಥ ಹೊಳೆಯುವ ಟೈಲ್ಸು, ಮೇಲೆ ನೀಲಿ ಲೈಟು. ಒಳಗೆ ಖಾಲಿ ಪೀಠ. ಮೊದಲ ಸೇವೆಗೆ ಹುರಿದ ನೆಲಕಡಲೆಯೇ ಆಗಬೇಕು, ಆ ಒಲೆಯದ್ದೇ ಆಗಬೇಕು, ಹುರಿದವರೇ ತಂದು ಹೊಸ್ತಿಲಲ್ಲಿ ಇಡಬೇಕು ಎಂದು ಜೋಯಿಸರು ಹೇಳಿ ಹೋಗಿದ್ದರು. ಇನ್ನು ಸಫಿಯಮ್ಮನನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಾರದು. ಜೋಯಿಸರಿಗೆ ಮನಸ್ಸಿನಲ್ಲೇ ಕೈಮುಗಿದೆ. ಸುಹೈಬನೂ ಬೇಡವೆನ್ನಲಿಲ್ಲ. ಕಡಲೆ ಮಾರುವುದರಲ್ಲಿ ತಪ್ಪೇನುಂಟು ಎಂದನಂತೆ.

ಆ ದಿನ ಪೇಟೆಯೆಲ್ಲ ಸೇರಿತ್ತು. ಜೆಸಿಬಿಯ ಎದುರು ಅತ್ತವರೆಲ್ಲ ಬಂದಿದ್ದರು. ಸಫಿಯಮ್ಮ ತೊಳೆದ ಬಿಳಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿ ಪೊಟ್ಟಣ ಹಿಡಿದು, ಜನರ ನಡುವಿನಿಂದ ನಡೆದು ಬಂದರು. ಹೊಸ್ತಿಲ ಹತ್ತಿರದ ಬಾಳೆಲೆಯ ಮೇಲೆ ಪೊಟ್ಟಣ ಬಿಚ್ಚಿಟ್ಟು ನೆಟ್ಟಗೆ ನಿಂತರು. ಪರಿಮಳ ಎದ್ದಿತು.

"ಅದೇ! ಅದೇ ಪರಿಮಳ!" ದೇವಿಪ್ರಸಾದನ ಕಣ್ಣಲ್ಲಿ ನೀರು. ಎಲ್ಲರ ಕೈಗಳೂ ಮೇಲೆದ್ದವು. ಶೇಖರ, ಮನೀಷ್, ಪ್ರೊಫೆಸರ್, ಅಳದಂಗಡಿಯವರು, ಬೆಳ್ತಂಗಡಿಯವರು, ಎಲ್ಲರೂ ಕೈಮುಗಿದು ನಿಂತರು. ಅವರ ಎದುರಿಗೆ ಇದ್ದದ್ದು ಬಿಳಿ ಶಾಲಿನ ಸಫಿಯಮ್ಮ ಒಬ್ಬರೇ. ಅವರು ತಿರುಗಿ ಆ ಕೈಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಬಾಯಿಯ ಮೂಲೆಯಲ್ಲಿ ನಗು ಇತ್ತು.

ಶೇಖರ ಕುತ್ತಿಗೆ ಉದ್ದ ಮಾಡಿ ಕೂಗಿದ.

"ಸಫಿಯಮ್ಮ, ಸ್ವಲ್ಪ ಆಚೆ ನಿಲ್ಲಿ ಮಾರಾಯ್ತಿ. ದೈವ ಕಾಣುದಿಲ್ಲ."

ಸಫಿಯಮ್ಮ ಬದಿಗೆ ಸರಿದು, ಹೊಸ ಕಟ್ಟಡದ ಕಂಬದ ಹಿಂದೆ ನಿಂತರು. ಅಲ್ಲಿಂದ ಅವರಿಗೆ ಗುಡಿಯ ಅರ್ಧ ಮಾತ್ರ ಕಾಣುತ್ತಿತ್ತು.